ಗಟ್ಟಿಮೇಳದ ಹೊತ್ತಿಗೆ ಕಣ್ಣು ಮಿಟುಕಿಸದವರು

ಕ್ಯಾಮೆರಾ ಬಲ್ಲವರು ಈಗ ಮನೆಗೊಬ್ಬರಿದ್ದಾರೆ, ಮದುವೆಮನೆ ಬಲ್ಲವರು ಕಡಿಮೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಮದುವೆ ಫೋಟೋಗ್ರಾಫರರ ಕಸುಬು ನಿಂತಿರುವುದು ಈ ಎರಡನೆಯ ತಿಳಿವಳಿಕೆಯ ಮೇಲೆ.

ಪುರೋಹಿತರು ಮಂತ್ರ ಹೇಳುತ್ತಲೇ ಬಲಗೈ ಮೇಲೆತ್ತಿ ಬೆರಳಾಡಿಸುತ್ತಾರೆ. ಹಸೆಮಣೆಯ ಪಕ್ಕದಲ್ಲಿ ನಿಂತ ಹಿರಿಯರೊಬ್ಬರು ‘ಗಟ್ಟಿಮೇಳ, ಗಟ್ಟಿಮೇಳ’ ಎಂದು ಕೂಗುತ್ತಾರೆ. ಆ ಗಳಿಗೆಯಲ್ಲಿ ಸೀನು, ಕೆಮ್ಮು, ಅಪಶಬ್ದ ಯಾವುದೂ ಕಿವಿಗೆ ಬೀಳದಿರಲೆಂದು ಡೋಲು, ನಾಗಸ್ವರ ಒಮ್ಮೆಲೇ ಏರುತ್ತವೆ. ನಾಲ್ಕೂ ಕಡೆಯಿಂದ ಅಕ್ಷತೆ ಹಾರುತ್ತದೆ. ಒಂದು ಪಕ್ಕ ದೀಪ ಹಿಡಿದ ನಾದಿನಿ, ಇನ್ನೊಂದು ಪಕ್ಕ ಸೋದರಮಾವ, ನಡುವೆ ಮೊಬೈಲು ಎತ್ತಿ ಹಿಡಿದ ಚಿಕ್ಕಪ್ಪನ ಮಗ. ಇಷ್ಟರ ಸಂದಿಯಲ್ಲಿ ಒಬ್ಬ ಮನುಷ್ಯನಿಗೆ ಅಂಗೈಯಗಲದ ಜಾಗ ಬೇಕು. ವರನ ಬೆರಳು, ಅರಿಶಿನದ ದಾರ, ವಧುವಿನ ಬಾಗಿದ ಕೊರಳು ಮೂರೂ ಒಟ್ಟಿಗೆ ಕಾಣುವಷ್ಟು ಸಾಕು. ಹಾರವನ್ನು ‘ಇನ್ನೊಂದು ಸಲ ಹಾಕಿ ಸಾರ್’ ಎನ್ನಬಹುದು. ಆರತಿಯನ್ನು ಮತ್ತೆ ಎತ್ತಿಸಬಹುದು. ತಾಳಿಯನ್ನು ಇನ್ನೊಮ್ಮೆ ಕಟ್ಟಿ ಎನ್ನುವ ಹಾಗಿಲ್ಲ.

ಈ ಕಸುಬಿನವರ ವಿಳಾಸ ನಾಲ್ಕೂ ಊರುಗಳಲ್ಲಿ ಹೆಚ್ಚುಕಮ್ಮಿ ಒಂದೇ. ಬಸ್ ನಿಲ್ದಾಣದಿಂದ ಕೂಗಳತೆಯ ಬೀದಿ, ಮುಂದೆ ಪಾಸ್‌ಪೋರ್ಟ್ ಅಳತೆಯ ಫೋಟೋ ಮತ್ತು ಲ್ಯಾಮಿನೇಷನ್ ಕೌಂಟರ್, ಒಳಗೆ ನೀಲಿ ಪರದೆ, ಗೋಡೆಯ ಮೇಲೆ ಯಾರದೋ ಮದುವೆಯ ದೊಡ್ಡ ಪಟ. ಬೋರ್ಡಿನಲ್ಲಿ ‘ಮದುವೆ, ನಾಮಕರಣ, ಗೃಹಪ್ರವೇಶದ ಆರ್ಡರ್‌ಗಳನ್ನು ತೆಗೆದುಕೊಳ್ಳಲಾಗುವುದು’ ಎಂಬ ಸಾಲು. ಕೌಂಟರಿನ ಚಿಲ್ಲರೆ ಸಂಪಾದನೆ ಅಂಗಡಿಯ ಬಾಡಿಗೆಗೆ ಸಾಲುತ್ತದೆ. ಸಂಸಾರ ಸಾಗಬೇಕಾದರೆ ಮದುವೆ ಆರ್ಡರ್ ಬರಬೇಕು.

ಮುಹೂರ್ತ ಯಾವುದೆಂದು ಮೊದಲೇ ಕೇಳಬೇಕು

2007ರಲ್ಲಿ ಕೋಲಾರದಿಂದ ಬೇರೆಯಾದ ಈ ಜಿಲ್ಲೆ ಎರಡು ಭಾಷೆಯ ಸೀಮೆ. ಗೌರಿಬಿದನೂರು ದಾಟಿದರೆ ಹಿಂದೂಪುರ, ಚಿಂತಾಮಣಿಯ ಆಚೆಗೆ ಮದನಪಲ್ಲಿ. ಲಗ್ನಪತ್ರಿಕೆ ಕನ್ನಡದಲ್ಲಿದ್ದು ಚಪ್ಪರದ ಕೆಳಗಿನ ಮಾತೆಲ್ಲ ತೆಲುಗಿನಲ್ಲಿ ನಡೆಯುವ ಮದುವೆ ಇಲ್ಲಿ ಮಾಮೂಲು. ‘ಇಲ್ನೋಡಿ’ ಎಂದು ಒಂದು ಸಲ, ‘ಇಕ್ಕಡ ಚೂಡಂಡಿ’ ಎಂದು ಇನ್ನೊಂದು ಸಲ ಕೂಗಲು ಬಾರದವನು ಇಲ್ಲಿ ಗ್ರೂಪ್ ಫೋಟೋ ತೆಗೆಯಲಾರ.

ಭಾಷೆ ಹೇಗೋ ಕಲಿಯಬಹುದು, ಶಾಸ್ತ್ರದ ವ್ಯತ್ಯಾಸ ಹೆಚ್ಚು ಸೂಕ್ಷ್ಮ. ಹಲವು ಕನ್ನಡ ಮನೆಗಳಲ್ಲಿ ಕೈಮೇಲೆ ಹಾಲೆರೆಯುವ ಧಾರೆ ಮತ್ತು ಮಾಂಗಲ್ಯಧಾರಣೆಯೇ ಮದುವೆಯ ತಿರುಳು. ತೆಲುಗು ಸಂಪ್ರದಾಯದ ಮನೆಗಳಲ್ಲಿ ಪತ್ರಿಕೆಯಲ್ಲಿ ಅಚ್ಚಾದ ಮುಹೂರ್ತಕ್ಕೆ ಸರಿಯಾಗಿ ನಡೆಯುವುದು ಜೀರಿಗೆ ಬೆಲ್ಲ. ತೆರೆಯ ಆಚೆ ಈಚೆ ಕುಳಿತ ವಧುವರರು ಒಬ್ಬರ ತಲೆಯ ಮೇಲೊಬ್ಬರು ಅದನ್ನು ಇಡುತ್ತಾರೆ, ತಾಳಿ ಆಮೇಲೆ. ಮುಹೂರ್ತವೆಂದರೆ ತಾಳಿಯೇ ಎಂದುಕೊಂಡು ಆ ಹೊತ್ತಿನಲ್ಲಿ ಲೆನ್ಸ್ ಬದಲಾಯಿಸುತ್ತಿದ್ದರೆ ಮನೆಯವರು ಮುಖ್ಯವೆಂದು ನಂಬಿರುವ ಚಿತ್ರವೇ ಆಲ್ಬಮ್ಮಿನಲ್ಲಿ ಇರುವುದಿಲ್ಲ. ಹಾಗಾಗಿ ನುರಿತವರು ಛತ್ರಕ್ಕೆ ಕಾಲಿಟ್ಟ ಕೂಡಲೇ ಮದುಮಗನನ್ನು ಮಾತನಾಡಿಸುವುದಿಲ್ಲ, ಪುರೋಹಿತರ ಪಕ್ಕ ಕೂರುತ್ತಾರೆ. ಯಾವ ಶಾಸ್ತ್ರ ಎಷ್ಟು ಗಂಟೆಗೆ, ಅಂತರಪಟ ಹಿಡಿಯುವವರು ಯಾರು, ಮೂರನೆಯ ಗಂಟು ಹಾಕುವುದು ವರನೋ ಅವನ ಅಕ್ಕನೋ ಎಂದು ಕೇಳಿಕೊಳ್ಳುತ್ತಾರೆ.

ಶಿಡ್ಲಘಟ್ಟ, ಚಿಂತಾಮಣಿಯ ಮುಸ್ಲಿಂ ಮೊಹಲ್ಲಾಗಳ ನಿಕಾಹ್‌ನಲ್ಲಿ ತಯಾರಿಯೇ ಬೇರೆ. ಅಲ್ಲಿ ಒಪ್ಪಿಗೆ ಕೇಳುವ ಕ್ಷಣ, ನಿಕಾಹ್‌ನಾಮಾಕ್ಕೆ ರುಜು ಬೀಳುವ ಕ್ಷಣ ಮುಖ್ಯ. ಹೆಂಗಸರ ಕಡೆ ಗಂಡಸರು ಕ್ಯಾಮೆರಾ ಹಿಡಿದು ಹೋಗುವುದು ಎಷ್ಟೋ ಮನೆಗಳಿಗೆ ಒಪ್ಪಿಗೆಯಾಗದು. ಮಹಿಳಾ ಫೋಟೋಗ್ರಾಫರರಿಗೆ ಬೇಡಿಕೆ ಹುಟ್ಟಿರುವ ಜಾಗವಿದು. ವಧುವಿನ ಅಲಂಕಾರದ ಕೋಣೆಯ ವಿಷಯದಲ್ಲಿ ಈಗ ಉಳಿದ ಮನೆಗಳೂ ಅದೇ ಮಾತು ಆಡುತ್ತಿವೆ.

ಇವೆಲ್ಲಕ್ಕಿಂತ ದೊಡ್ಡ ಪರೀಕ್ಷೆ ನೆಂಟರದು. ಹುಡುಗಿಯ ಸೋದರಮಾವ ಯಾರು, ಯಾವ ದೊಡ್ಡಪ್ಪನಿಗೂ ಯಾವ ಚಿಕ್ಕಪ್ಪನಿಗೂ ಮಾತಿಲ್ಲ, ಹಿಂದಿನ ಸಾಲಿನಲ್ಲಿ ಸುಮ್ಮನೆ ಕುಳಿತಿರುವ ಅಜ್ಜಿ ಮದುವೆಗೆ ಎಷ್ಟು ಮುಖ್ಯ ಎಂಬುದು ಕ್ಯಾಮೆರಾದ ಕೈಪಿಡಿಯಲ್ಲಿಲ್ಲ. ಸೋದರಮಾವನ ಮುಖವಿಲ್ಲದ ಧಾರೆಯ ಚಿತ್ರ ಎಷ್ಟೇ ಸುಂದರವಾಗಿದ್ದರೂ ಆ ಮನೆಯಲ್ಲಿ ಅದು ಹತ್ತು ವರ್ಷದ ಜಗಳ.

ಹನ್ನೆರಡು ಚಿತ್ರದ ಕಾಲದಿಂದ

ಒಂದು ಕಾಲದಲ್ಲಿ ಅನುಕೂಲಸ್ಥರು ಮದುವೆಯಾದ ಮೇಲೆ ಬೆಂಗಳೂರಿಗೆ ಹೋಗಿ, 1910ರಲ್ಲಿ ಶುರುವಾದ ಜಿ.ಕೆ. ವೇಲ್‌ನಂಥ ಸ್ಟುಡಿಯೋಗಳಲ್ಲಿ ಜೋಡಿಯಾಗಿ ಕುಳಿತು ಒಂದು ಪಟ ತೆಗೆಸಿಕೊಂಡು ಬರುತ್ತಿದ್ದರು. ಫೋಟೋಗ್ರಾಫರೇ ಛತ್ರಕ್ಕೆ ಬರುವಂತಾದಾಗ ಅವರ ಕೈಯಲ್ಲಿದ್ದದ್ದು 120 ಫಿಲ್ಮಿನ ಕ್ಯಾಮೆರಾ. ಸೊಂಟದ ಮಟ್ಟಕ್ಕೆ ಹಿಡಿದು, ತಲೆ ಬಗ್ಗಿಸಿ ಗಾಜಿನೊಳಗೆ ನೋಡಬೇಕು. ಚೌಕಾಕಾರದ ಚಿತ್ರವಾದರೆ ಒಂದು ರೋಲಿಗೆ 12 ಮಾತ್ರ. 1960ರಲ್ಲಿ ಊಟಿಯಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ‘ಇಂದು’ ಕಪ್ಪುಬಿಳುಪು ಫಿಲ್ಮು ಆ ಕಾಲದವರ ನೆನಪಿನಲ್ಲಿದೆ. ಆಮೇಲೆ 35 ಮಿಲಿಮೀಟರ್ ಬಂದು ರೋಲಿಗೆ 36 ಆಯಿತು. ಕೈಚಳಕದವರು ಫಿಲ್ಮಿನ ತುದಿಯನ್ನು ಉಳಿಸಿ ಇನ್ನೂ ಒಂದೆರಡು ತೆಗೆಯುತ್ತಿದ್ದರು.

ಎಣಿಸಿ ಒತ್ತಬೇಕಾದ ಆ ಶಿಸ್ತು ಒಂದು ವಿದ್ಯೆಯನ್ನು ಕಲಿಸಿತು. ಯಾವುದನ್ನು ತೆಗೆಯಬಾರದು ಎಂಬುದೇ ಆ ವಿದ್ಯೆ. ಚಪ್ಪರದಿಂದ ಹೆಣ್ಣೊಪ್ಪಿಸುವವರೆಗೆ ಕೆಲವೇ ರೋಲು. ಆರತಕ್ಷತೆಯಲ್ಲಿ ಸಾಲು ಉದ್ದವಾಗಿದ್ದರೆ ಫ್ಲ್ಯಾಶ್ ಮಾತ್ರ ಮಿನುಗಿಸಿ, ಫಿಲ್ಮು ಖರ್ಚು ಮಾಡದೆ, ಬಂದವರ ಮನಸ್ಸು ಕಾಯುವ ಉಪಾಯವೂ ನಡೆಯುತ್ತಿತ್ತು. ಕಲರ್ ಬಂದ ಮೇಲೆ ರೋಲುಗಳು ಬಸ್ಸಿನಲ್ಲಿ ಬೆಂಗಳೂರಿನ ಲ್ಯಾಬಿಗೆ ಹೋಗಬೇಕಿತ್ತು. ಪ್ರಿಂಟ್ ಕೈಗೆ ಬರುವವರೆಗೆ ತಾಳಿ ಕಟ್ಟಿದ ಚಿತ್ರ ಬಂದಿದೆಯೋ ಇಲ್ಲವೋ ದೇವರಿಗೇ ಗೊತ್ತು.

ವಿಡಿಯೋ ಬಂದಾಗ ಮದುವೆಮನೆಯ ಬೆಳಕೇ ಬದಲಾಯಿತು. ಹೆಗಲ ಮೇಲೆ ಪ್ಯಾನಸೋನಿಕ್ ವಿಎಚ್‌ಎಸ್ ಕ್ಯಾಮೆರಾ, ಅದರ ಹಿಂದೆ ಸಾವಿರ ವಾಟ್‌ನ ಹ್ಯಾಲೊಜೆನ್ ದೀಪ ಎತ್ತಿ ಹಿಡಿದ ಲೈಟ್ ಹುಡುಗ, ಅವನ ಹಿಂದೆ ವೈರಿನ ಸುರುಳಿ ಬಿಡಿಸುವ ಇನ್ನೊಬ್ಬ. ಊಟದ ಪಂಕ್ತಿಗೆ ಆ ದೀಪ ಬಂದರೆ ತುತ್ತು ಎತ್ತಿದವರೆಲ್ಲ ಕೈ ಇಳಿಸಿಬಿಡುತ್ತಿದ್ದರು. ಸಂಕಲನಕ್ಕೆ ಇಲ್ಲಿನವರು ಹೇಳುವುದು ‘ಮಿಕ್ಸಿಂಗ್’ ಎಂದು. ಸೂರ್ಯಕಾಂತಿಯ ನಡುವೆ ವಧುವಿನ ಮುಖ, ತಿರುಗುವ ಹೃದಯದೊಳಗೆ ವರನ ಮುಖ, ಹಿನ್ನೆಲೆಗೆ ಸಿನಿಮಾ ಹಾಡು. ನಕ್ಕುಬಿಡಬಹುದು, ಆದರೆ ತೀರಿಹೋದ ಅಪ್ಪ ನಡೆದಾಡುವುದು, ಅವರ ದನಿ, ಎಲೆಯ ಮುಂದೆ ಅವರು ಮಾಡುತ್ತಿದ್ದ ಉಪಚಾರ ಎಷ್ಟೋ ಮನೆಗಳಲ್ಲಿ ಉಳಿದಿರುವುದು ಆ ಟೇಪುಗಳಲ್ಲಿ ಮಾತ್ರ. ಈಗ ಅವುಗಳಿಗೆ ಬೂಷ್ಟು ಹಿಡಿಯುತ್ತಿದೆ. ಕೊನೆಯವರೆಗೆ ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರಲ್ಲಿ ಅದನ್ನು ನಿಲ್ಲಿಸಿತು. ಹಳೆಯ ಯಂತ್ರ ಜೋಪಾನ ಮಾಡಿದವರಿಗೆ ‘ಟೇಪನ್ನು ಪೆನ್‌ಡ್ರೈವಿಗೆ ಹಾಕಿಕೊಡಿ’ ಎಂಬ ಗಿರಾಕಿಗಳು ಬರುತ್ತಿದ್ದಾರೆ.

2008ರಲ್ಲಿ ಕ್ಯಾನನ್ 5ಡಿ ಮಾರ್ಕ್ 2 ಬಂದಾಗ ಒಂದೇ ಕ್ಯಾಮೆರಾ ಫೋಟೋವನ್ನೂ ಸಿನಿಮಾ ಗುಣಮಟ್ಟದ ವಿಡಿಯೋವನ್ನೂ ತೆಗೆಯತೊಡಗಿತು. 2012ರಲ್ಲಿ ಫಿಲ್ಮು ತಯಾರಿಸುತ್ತಿದ್ದ ಕೊಡಾಕ್ ದಿವಾಳಿ ಅರ್ಜಿ ಹಾಕಿತು. ಲೈಟ್ ಹುಡುಗರಾಗಿ ಬಂದವರು ಕ್ಯಾಮೆರಾ ಹಿಡಿದರು, ರೋಲು ತೊಳೆಯುತ್ತಿದ್ದವರು ಫೋಟೋಶಾಪ್ ಕಲಿತರು, ಕಲಿಯಲಾಗದವರು ಜೆರಾಕ್ಸ್ ಅಂಗಡಿ ಇಟ್ಟರು. ರೋಲಿಗೆ 36 ಎಂದಿದ್ದ ಲೆಕ್ಕ ಮದುವೆಗೆ ಸಾವಿರಾರು ಎಂದಾಯಿತು.

ಪಂಚಾಂಗ ಕೊಡಬೇಕು, ಗೂಡೂ ಕೊಡಬೇಕು

ಈ ಉದ್ಯೋಗಕ್ಕೆ ಇಬ್ಬರು ಯಜಮಾನರು. ಮೊದಲನೆಯದು ಪಂಚಾಂಗ. ಆಷಾಢದಲ್ಲಿ ಮದುವೆಯಿಲ್ಲ, ಪಿತೃಪಕ್ಷದಲ್ಲಿಲ್ಲ, ಧನುರ್ಮಾಸದಲ್ಲಿಲ್ಲ. ಗುರುವೋ ಶುಕ್ರನೋ ಅಸ್ತವಾದರೆ ಆಗಲೂ ಇಲ್ಲ. 2024ರಲ್ಲಿ ಎರಡೂ ಅಸ್ತಗಳು ಒಂದಕ್ಕೊಂದು ಹೆಣೆದುಕೊಂಡು ಮೇ, ಜೂನ್ ತಿಂಗಳಲ್ಲಿ ಮುಹೂರ್ತಗಳೇ ಬರಿದಾದವು. ಸಾಮಾನ್ಯವಾಗಿ ವರ್ಷದ ದುಡಿಮೆಯ ದೊಡ್ಡ ಪಾಲು ಬರುವ ತಿಂಗಳುಗಳವು. ಒಳ್ಳೆಯ ಮುಹೂರ್ತದ ದಿನ ಇದಕ್ಕೆ ತದ್ವಿರುದ್ಧ. ಒಬ್ಬನಿಗೇ ನಾಲ್ಕು ಕರೆ ಬರುತ್ತವೆ, ಊರಿನ ಎಲ್ಲ ಕ್ಯಾಮೆರಾಗಳೂ ಸಾಲುವುದಿಲ್ಲ. ಆಗ ಶಿಡ್ಲಘಟ್ಟದವರು ಚಿಂತಾಮಣಿಯವರನ್ನು, ಗೌರಿಬಿದನೂರಿನವರು ಹಿಂದೂಪುರದವರನ್ನು ದಿನಗೂಲಿಗೆ ಕರೆಸಿಕೊಳ್ಳುತ್ತಾರೆ. ಒಬ್ಬರ ಆರ್ಡರಿಗೆ ಇನ್ನೊಬ್ಬರು ಕೈಯಾಗುವ ಈ ಕೊಡುಕೊಳೆ ಇಲ್ಲದಿದ್ದರೆ ಕಸುಬು ನಡೆಯುವುದಿಲ್ಲ.

ಎರಡನೆಯ ಯಜಮಾನ ಬೆಳೆ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ರಾಜ್ಯದ ದೊಡ್ಡ ಮಾರುಕಟ್ಟೆಗಳಲ್ಲೊಂದು, ಚಿಂತಾಮಣಿಯ ಟೊಮೆಟೊ ಹೊರರಾಜ್ಯಕ್ಕೆ ಹೋಗುತ್ತದೆ, ಚಿಕ್ಕಬಳ್ಳಾಪುರದ ಸುತ್ತ ದ್ರಾಕ್ಷಿ ಮತ್ತು ಹೂವು. ಗೂಡಿಗೆ ಬೆಲೆ ಬಂದ ವರ್ಷ ಮದುವೆ ಛತ್ರಕ್ಕೆ ಏರುತ್ತದೆ, ಡ್ರೋನ್ ಬರುತ್ತದೆ. ಬೆಲೆ ಬಿದ್ದ ವರ್ಷ ಅದೇ ಮನೆಯ ಮದುವೆ ದೇವಸ್ಥಾನದಲ್ಲಿ ಮುಗಿದು ಒಂದು ಕ್ಯಾಮೆರಾ ಸಾಕೆನಿಸುತ್ತದೆ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ಆ ಬೆಲೆ ಬಂದದ್ದು ಆಷಾಢದಲ್ಲಿ, ಅದರ ಹಿಂದೆಯೇ ಅಧಿಕ ಮಾಸ, ಹೀಗಾಗಿ ದುಡ್ಡು ಮದುವೆಯ ಖರ್ಚಾಗಿ ತಿರುಗಲು ನಿಜ ಶ್ರಾವಣದವರೆಗೆ ಕಾಯಬೇಕಾಯಿತು.

ಬಾಕಿಯ ವಾಯಿದೆಯೂ ಬೆಳೆಯ ಭಾಷೆಯಲ್ಲೇ ಇರುತ್ತದೆ. ‘ಗೂಡು ಮಾರಿದ ಮೇಲೆ ಕೊಡ್ತೀವಿ’ ಎಂದರೆ ಹುಳು ಹಣ್ಣಾಗಿ ಗೂಡು ಕಟ್ಟಿ ಮಾರುಕಟ್ಟೆಗೆ ಹೋಗುವವರೆಗೆ, ಸರಿಸುಮಾರು ಒಂದು ತಿಂಗಳು. ಮುಂಗಡ ಸ್ವಲ್ಪ, ಮದುವೆಯ ದಿನ ಇನ್ನು ಸ್ವಲ್ಪ, ಉಳಿದದ್ದು ಆಲ್ಬಂ ಕೊಟ್ಟಾಗ ಎಂಬುದು ವಾಡಿಕೆ. ಆಲ್ಬಮ್ಮಿಗೆ ಫೋಟೋ ಆರಿಸಿಕೊಡಬೇಕಾದವರು ವಧುವರರು, ಅವರು ಮಧುಚಂದ್ರ, ಹೊಸ ಮನೆ, ಕೆಲಸ ಎಂದು ತಿಂಗಳುಗಟ್ಟಲೆ ಮುಂದೂಡುತ್ತಾರೆ. ಮದುವೆಯ ಬಾಕಿ ಮೊದಲ ಮಗುವಿನ ನಾಮಕರಣದ ಆರ್ಡರ್ ಜೊತೆಗೆ ವಸೂಲಾಯಿತು ಎಂಬುದು ಈ ಕಸುಬಿನಲ್ಲಿ ಬರೀ ನಗೆಚಾಟಿಕೆಯ ಮಾತಲ್ಲ.

2020ರಲ್ಲಿ ಇಬ್ಬರು ಯಜಮಾನರನ್ನೂ ಮೀರಿದ ಹೊಡೆತ ಬಿತ್ತು. ಮದುವೆ ಕಾಲ ಶುರುವಾಗುವ ಮಾರ್ಚ್ ಕೊನೆಗೇ ಲಾಕ್‌ಡೌನ್, ಮೇ ತಿಂಗಳಲ್ಲಿ ಅನುಮತಿ ಸಿಕ್ಕಾಗ 50 ಜನರ ಮಿತಿ. ಸಾಲ ಮಾಡಿ ಕ್ಯಾಮೆರಾ ಕೊಂಡವರು ಕಂತು ಕಟ್ಟಲು ತರಕಾರಿ ಗಾಡಿ ಓಡಿಸಿದರು. ಬರಲಾಗದ ನೆಂಟರಿಗೆಂದು ಯೂಟ್ಯೂಬಿನಲ್ಲಿ ಮದುವೆಯನ್ನು ನೇರವಾಗಿ ತೋರಿಸುವ ಪದ್ಧತಿ ಬೇರೂರಿದ್ದು ಆಗ. ಅದು ಈಗಲೂ ದರಪಟ್ಟಿಯಲ್ಲಿ ಒಂದು ಸಾಲಾಗಿ ಉಳಿದಿದೆ.

ಜರಿ, ಅರಿಶಿನ, ಎಲ್‌ಇಡಿ ಗೋಡೆ

ಹಳೇ ಮೈಸೂರು ಸೀಮೆಯ ರೂಢಿಯಂತೆ ಆರತಕ್ಷತೆ ಮುಂಚಿನ ಸಂಜೆ, ಮುಹೂರ್ತ ಮರುದಿನ ಬೆಳಗ್ಗೆ. ರಾತ್ರಿ ಕೊನೆಯ ಪಂಕ್ತಿ ಎದ್ದ ಮೇಲೆ ಫೋಟೋಗ್ರಾಫರು ಉಂಡು, ಛತ್ರದ ಮೂಲೆಯಲ್ಲಿ ಬ್ಯಾಗನ್ನು ತಲೆದಿಂಬು ಮಾಡಿಕೊಂಡು ಮಲಗಿ, ನಸುಕಿಗೇ ಗಂಗೆಪೂಜೆಗೆ ಎದ್ದಿರಬೇಕು. ಬ್ರಾಹ್ಮೀ ಮುಹೂರ್ತದ ಮದುವೆಯಾದರೆ ಆ ನಿದ್ದೆಯೂ ಇಲ್ಲ.

ಕಣ್ಣಿಗೆ ಚೆಂದವಾಗಿರುವುದೆಲ್ಲ ಕ್ಯಾಮೆರಾಕ್ಕೆ ಕಷ್ಟ. ಧಾರೆ ಸೀರೆಯ ಜರಿಗೆ ಫ್ಲ್ಯಾಶ್ ನೇರವಾಗಿ ಹೊಡೆದರೆ ಅಂಚೆಲ್ಲ ಬಿಳಿ ಪಟ್ಟಿಯಾಗುತ್ತದೆ. ಮೇಲ್ಛಾವಣಿಗೆ ಹೊಡೆದು ಬೆಳಕನ್ನು ಇಳಿಸೋಣವೆಂದರೆ ಅಲ್ಲಿ ಕೆಂಪು ಶಾಮಿಯಾನ, ಎಲ್ಲರ ಮುಖವೂ ಕೆಂಪು. ಅರಿಶಿನ ಶಾಸ್ತ್ರದಲ್ಲಿ ಕ್ಯಾಮೆರಾದ ಬುದ್ಧಿ ಹಳದಿಯನ್ನು ದೋಷವೆಂದು ತಿಳಿದು ತಿದ್ದಲು ಹೋಗಿ ಮದುಮಗಳನ್ನು ನೀಲಿ ಮಾಡುತ್ತದೆ, ಬಣ್ಣದ ಹಿಡಿತವನ್ನು ಕೈಯಲ್ಲೇ ಇಟ್ಟುಕೊಳ್ಳಬೇಕು. ವೇದಿಕೆಯ ಹಿಂದಿನ ಎಲ್‌ಇಡಿ ಗೋಡೆ ಕಣ್ಣಿಗೆ ಸ್ಥಿರ, ಚಿತ್ರದಲ್ಲಿ ಅಡ್ಡಪಟ್ಟಿ. ನಮ್ಮ ವಿದ್ಯುತ್ತಿನ 50 ಹರ್ಟ್ಸ್ ಮಿಡಿತದಿಂದ ಸಾಮಾನ್ಯ ದೀಪಗಳೂ ವಿಡಿಯೋದಲ್ಲಿ ಮಿನುಗುತ್ತವೆ. ಷಟರನ್ನು ಸೆಕೆಂಡಿನ 1/50 ಅಥವಾ 1/100ಕ್ಕೆ ಇಟ್ಟರೆ ಅದು ಶಾಂತವಾಗುತ್ತದೆ. ಹೋಮದ ಹೊಗೆ ತುಂಬಿದಾಗ ಫೋಕಸ್ ದಾರಿ ತಪ್ಪುತ್ತದೆ.

ವಧು ಉಟ್ಟ ಸೀರೆಯ ನೂಲು ಶಿಡ್ಲಘಟ್ಟದ ರೇಷ್ಮೆ ಬಿಚ್ಚಣಿಕೆ ಘಟಕಗಳಲ್ಲೇ ಹುಟ್ಟಿ, ಕಂಚಿಗೋ ಧರ್ಮಾವರಕ್ಕೋ ಹೋಗಿ ನೇಯಿಸಿಕೊಂಡು ಇಲ್ಲಿಗೇ ಮರಳಿ ಬಂದಿರಬಹುದು. ಕೊರಳಿನ ಹಾರ ಚಿಕ್ಕಬಳ್ಳಾಪುರದ ಹೂವಿನ ಮಂಡಿಯದು. ತಮ್ಮ ಊರಿನ ಮಾಲನ್ನೇ ಚೆನ್ನಾಗಿ ತೋರಿಸಬೇಕಾದ ಹೊಣೆ ಇಲ್ಲಿನ ಫೋಟೋಗ್ರಾಫರರದು.

ತಾಂತ್ರಿಕವಲ್ಲದ ಒಂದು ಕಷ್ಟವೂ ಇದೆ. ‘ಹುಡುಗಿಯನ್ನ ಸ್ವಲ್ಪ ಬೆಳ್ಳಗೆ ಮಾಡಿ’ ಎಂಬ ಬೇಡಿಕೆ ಆಲ್ಬಂ ಡಿಸೈನಿಂಗ್ ಮೇಜಿಗೆ ತಪ್ಪದೆ ಬರುತ್ತದೆ, ಹುಡುಗನ ಬಗ್ಗೆ ಅಪರೂಪ. ಮಾಡಿಕೊಟ್ಟರೆ ಅವಳ ಮುಖ ಅವಳ ಕೈಯ ಬಣ್ಣಕ್ಕೆ ಹೊಂದುವುದಿಲ್ಲ. ಮಾಡಿಕೊಡದಿದ್ದರೆ ಫೋಟೋಗ್ರಾಫರಿಗೆ ಕೆಲಸ ಬರುವುದಿಲ್ಲ ಎಂಬ ಮಾತು. ಬಿಚ್ಚಣಿಕೆ ಘಟಕದ ಹಬೆಯಲ್ಲೋ ಹೊಲದ ಬಿಸಿಲಿನಲ್ಲೋ ದುಡಿದ ಮೈಬಣ್ಣವನ್ನು ಇದ್ದಂತೆಯೇ ಚೆಂದಗಾಣಿಸುವುದು ಬೆಳಕು ಬಲ್ಲವರಿಗೆ ಆಗದ ಕೆಲಸವಲ್ಲ.

ಬೆಟ್ಟ, ಗುಡಿ, ಡ್ರೋನ್

ಮದುವೆಗೆ ಮುನ್ನವೇ ಜೋಡಿಯನ್ನು ಹೊರಗೆ ಕರೆದೊಯ್ದು ತೆಗೆಯುವ ‘ಪ್ರೀ ವೆಡ್ಡಿಂಗ್’ ಈ ಸೀಮೆಯ ಬಂಡೆಗಳಿಗೆ ಹೊಸ ಬಾಡಿಗೆದಾರರನ್ನು ತಂದಿದೆ. ನಂದಿಬೆಟ್ಟದ ಮಂಜು, ಆವಲಬೆಟ್ಟದ ಚಾಚಿದ ಬಂಡೆ, ಗುಡಿಬಂಡೆಯ ಕೋಟೆ, ಕೈಲಾಸಗಿರಿಯ ಗುಹೆಗಳು ಎಲ್ಲವೂ ಈಗ ರೀಲ್ಸ್‌ಗಳಲ್ಲಿ ಸಿಗುತ್ತವೆ. ಹತ್ತು ವರ್ಷದ ಹಿಂದೆ ಮದುವೆಗೆ ಮುಂಚೆ ಹುಡುಗ ಹುಡುಗಿ ಜೊತೆಯಾಗಿ ಬಸ್ ಹತ್ತಿದರೆ ಗೊಣಗುತ್ತಿದ್ದ ಮನೆಗಳೇ ಈಗ ಅದಕ್ಕೆ ಕಾರು ಮಾಡಿಕೊಡುತ್ತವೆ. ಜೊತೆಗೆ ಒಬ್ಬ ತಂಗಿಯೋ ತಮ್ಮನೋ ಹೋಗುವುದು ಮಾತ್ರ ತಪ್ಪಿಲ್ಲ.

ನಂದಿ ಗ್ರಾಮದ ಭೋಗನಂದೀಶ್ವರ ಗುಡಿಗೆ ಮದುವೆಯ ನಂಟು ಹಳೆಯದು. ಅಲ್ಲಿನ ಉಮಾಮಹೇಶ್ವರ ಸನ್ನಿಧಿಯ ಕಲ್ಯಾಣ ಮಂಟಪವನ್ನು ನಾಲ್ಕು ಕಪ್ಪು ಕಲ್ಲಿನ ಕಂಬಗಳು ಹೊತ್ತಿವೆ. ಶಿವ ಪಾರ್ವತಿ, ಬ್ರಹ್ಮ ಸರಸ್ವತಿ, ವಿಷ್ಣು ಲಕ್ಷ್ಮಿ, ಅಗ್ನಿ ಸ್ವಾಹಾದೇವಿ ಹೀಗೆ ದೇವದಂಪತಿಗಳೆಲ್ಲ ಅಲ್ಲಿ ಜೋಡಿಯಾಗಿ ನಿಂತಿದ್ದಾರೆ. ಹೊಸ ಮದುಮಕ್ಕಳು ಅಲ್ಲಿಗೆ ಹೋಗುವುದು ಕ್ಯಾಮೆರಾ ಬರುವುದಕ್ಕೂ ಮುಂಚಿನ ರೂಢಿ. ಆದರೆ ಗುಡಿ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ದರ್ಶನಕ್ಕೆ ಬಂದವರು ಮೊಬೈಲಿನಲ್ಲಿ ಪಟ ತೆಗೆದುಕೊಳ್ಳುವುದು ಬೇರೆ, ದೀಪ ಸ್ಟ್ಯಾಂಡು ಸಮೇತ ಕಸುಬಿನ ಚಿತ್ರೀಕರಣ ನಡೆಸುವುದು ಬೇರೆ. ಅದಕ್ಕೆ ಇಲಾಖೆಯ ಪೂರ್ವಾನುಮತಿ ಬೇಕು.

ಡ್ರೋನಿಗೂ ಕಾನೂನಿದೆ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನದು ನ್ಯಾನೋ. ಅದಕ್ಕಿಂತ ಭಾರವಾದದ್ದನ್ನು ಸಂಭಾವನೆಗಾಗಿ ಹಾರಿಸುವವರಿಗೆ ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಕು, ಯಂತ್ರ ನೋಂದಣಿಯಾಗಿರಬೇಕು. ಪಕ್ಕದ ದೇವನಹಳ್ಳಿಯಲ್ಲಿ 2008ರಿಂದ ವಿಮಾನ ನಿಲ್ದಾಣವಿರುವಾಗ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಜಾಗದ ಬಣ್ಣ ನೋಡದೆ ಹಾರಿಸುವುದು ಜಾಣತನವಲ್ಲ.

ಇನ್ನೊಂದು ಕಾನೂನು ಇವೆಲ್ಲಕ್ಕಿಂತ ಭಾರವಾದದ್ದು. ಹುಡುಗಿಗೆ 18, ಹುಡುಗನಿಗೆ 21 ತುಂಬದ ಮದುವೆಯನ್ನು ನಡೆಸಿಕೊಟ್ಟವರಿಗೆ, ಅದಕ್ಕೆ ನೆರವಾದವರಿಗೆ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಡಿ 2 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡವಿದೆ. ಜಾಗೃತಿ ಸಭೆಗಳಲ್ಲಿ ಪುರೋಹಿತರು, ಛತ್ರದವರು, ಲಗ್ನಪತ್ರಿಕೆ ಅಚ್ಚು ಹಾಕುವವರ ಜೊತೆ ಫೋಟೋಗ್ರಾಫರರ ಹೆಸರೂ ಬರುತ್ತದೆ. ತಾರೀಖು ಬರೆದುಕೊಳ್ಳುವಾಗಲೇ ವಯಸ್ಸು ಕೇಳುವುದು, ಅನುಮಾನ ಬಂದರೆ 1098ಕ್ಕೆ ಕರೆ ಮಾಡುವುದು ಒಂದು ಆರ್ಡರ್ ಕಳೆಯಬಹುದು. ಹುಡುಗಿಯ ಓದು ಉಳಿದೀತು.

ಕ್ಯಾಂಡಿಡ್‌ನವರು, ಟ್ರೆಡಿಷನಲ್‌ನವರು

ಚಿಕ್ಕಬಳ್ಳಾಪುರಕ್ಕೆ ಬೆಂಗಳೂರು ಅರವತ್ತು ಕಿಲೋಮೀಟರಿನಷ್ಟು ಹತ್ತಿರ. ಈಗ ದುಡ್ಡಿರುವ ಮದುವೆಗೆ ಅಲ್ಲಿಂದ ‘ಕ್ಯಾಂಡಿಡ್’ ತಂಡ ಬರುತ್ತದೆ. ಕಪ್ಪು ಟೀ ಶರ್ಟು, ದೊಡ್ಡ ಲೆನ್ಸು, ಓಡಾಡುವಾಗಲೂ ಅಲುಗದ ಗಿಂಬಲ್. ಅವರು ಅರಿವಿಲ್ಲದ ನಗು, ತುಂಬಿದ ಕಣ್ಣು, ಮೆಹೆಂದಿಯ ಬೆರಳು ಹುಡುಕುತ್ತಾರೆ. ಊರಿನವನಿಗೆ ಉಳಿಯುವುದು ‘ಟ್ರೆಡಿಷನಲ್’, ವೇದಿಕೆಯ ಮುಂದೆ ಸ್ಟ್ಯಾಂಡು ಹಾಕಿ, ಸಾಲಿನಲ್ಲಿ ಬಂದವರನ್ನೆಲ್ಲ ನೇರಕ್ಕೆ ನಿಲ್ಲಿಸಿ ತೆಗೆಯುವ ಕೆಲಸ. ಕೂಲಿಯೂ ಕಡಿಮೆ, ಮರ್ಯಾದೆಯೂ ಕಡಿಮೆ.

ಕ್ಯಾಂಡಿಡ್‌ನವರ ಕಲೆ ದೊಡ್ಡದೇ. ಅವರಿಂದಲೇ ನಮ್ಮ ಮದುವೆಯ ಚಿತ್ರಗಳಿಗೆ ಉಸಿರಾಟ ಬಂತು. ಆದರೆ ಇಪ್ಪತ್ತು ವರ್ಷದ ಮೇಲೆ ಆಲ್ಬಂ ತೆರೆದವರು ಮೆಹೆಂದಿಯ ಬೆರಳನ್ನು ಎಷ್ಟು ಹೊತ್ತು ನೋಡುತ್ತಾರೆ? ಅವರ ಬೆರಳು ಓಡುವುದು ವೇದಿಕೆಯ ಸಾಲಿನ ಮೇಲೆ. ಇವರು ತೀರಿಕೊಂಡರು, ಇವನು ಎಷ್ಟು ಚಿಕ್ಕವನಿದ್ದ, ಇವರು ಆಗ ನಮ್ಮ ಜೊತೆ ಮಾತನಾಡುತ್ತಿದ್ದರು ಎನ್ನುತ್ತಾ ಹಾಳೆ ತಿರುಗಿಸುತ್ತಾರೆ. ಬೇಸರದ್ದೆಂದು ಎಲ್ಲರೂ ತಿಳಿದ ಆ ನೇರ ಚಿತ್ರವೇ ಒಂದು ಮನೆತನದ ದಾಖಲೆ.

ಆ ದಾಖಲೆ ಯಾರ ಸ್ವತ್ತು ಎಂಬ ಪ್ರಶ್ನೆಗೆ ಕಾನೂನಿನ ಉತ್ತರ ಅನೇಕರಿಗೆ ಅಚ್ಚರಿ ತರಬಹುದು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ನಿನಂತೆ, ಹಣ ಕೊಟ್ಟು ತೆಗೆಸಿದ ಫೋಟೋದ ಮೊದಲ ಹಕ್ಕುದಾರರು ತೆಗೆಸಿದವರು, ಬೇರೆ ಒಪ್ಪಂದವಿಲ್ಲದಿದ್ದರೆ. ಮದುಮಗಳ ಚಿತ್ರವನ್ನು ಅಂಗಡಿಯ ಗೋಡೆಗೋ ಇನ್‌ಸ್ಟಾಗ್ರಾಮಿಗೋ ಹಾಕುವ ಮುನ್ನ ಕೇಳಬೇಕಾದ್ದು ಬರೀ ಸೌಜನ್ಯಕ್ಕಲ್ಲ. ಒಂದು ಹಾಳೆಯ ಒಪ್ಪಂದ ಬರೆದುಕೊಂಡರೆ ಇಬ್ಬರಿಗೂ ಕ್ಷೇಮ. ಎಷ್ಟು ಮುಂಗಡ, ಫೋಟೋ ಆರಿಸಿಕೊಡಲು ಎಷ್ಟು ದಿನ, ಹಾರ್ಡ್ ಡಿಸ್ಕಿನಲ್ಲಿ ಎಷ್ಟು ಕಾಲ ಇಡಬೇಕು, ಯಾವುದನ್ನು ಪ್ರಕಟಿಸಬಹುದು ಎಂಬ ನಾಲ್ಕು ಸಾಲು ಅದರಲ್ಲಿರಲಿ.

ಮದುವೆಮನೆಯಲ್ಲಿ ಇನ್ನೊಂದು ದಾಖಲೆಯೂ ತಯಾರಾಗುತ್ತಿರುತ್ತದೆ. ಬಾಗಿಲ ಬಳಿ ಮೇಜು ಹಾಕಿ ಕುಳಿತವರು ಬರೆಯುವ ಮುಯ್ಯಿ ಪುಸ್ತಕ. ಅದರಲ್ಲಿ ಬಂದವರ ಹೆಸರಿದೆ, ಊರಿದೆ, ಮೊತ್ತವಿದೆ, ಮುಖವಿಲ್ಲ. ಆಲ್ಬಮ್ಮಿನಲ್ಲಿ ಮುಖವಿದೆ, ಹೆಸರಿಲ್ಲ. ಮೂರನೆಯ ತಲೆಮಾರಿಗೆ ಆ ಮುಖಗಳು ಅಪರಿಚಿತ. ಹೆಸರನ್ನೂ ಮುಖವನ್ನೂ ಜೋಡಿಸಬಲ್ಲ ಹೊರಗಿನವನೊಬ್ಬ ಇದ್ದರೆ ಅದು ಆ ಮನೆಯ ಅಕ್ಕನ ಮದುವೆಗೂ ತಮ್ಮನ ಮದುವೆಗೂ ಬಂದ, ಅವರ ಚಿಕ್ಕಪ್ಪನ ಷಷ್ಟಿಪೂರ್ತಿಗೂ ಬಂದ ಊರಿನ ಫೋಟೋಗ್ರಾಫರ್. ಆಲ್ಬಂ ಕೊಡುವಾಗ ವೇದಿಕೆಯ ಚಿತ್ರಗಳ ಕೆಳಗೆ ಹೆಸರು ಬರೆದುಕೊಟ್ಟರೆ ಬೆಂಗಳೂರಿನ ಯಾವ ತಂಡವೂ ಅದನ್ನು ಸರಿಗಟ್ಟಲಾರದು. ದರಪಟ್ಟಿಯಲ್ಲಿ ಡ್ರೋನಿಗಿಷ್ಟು, ಎಲ್‌ಇಡಿಗಿಷ್ಟು, ಶೀಟಿಗಿಷ್ಟು ಎಂದಿದೆ. ಈ ತಿಳಿವಳಿಕೆಗೆ ಅಲ್ಲಿ ಇನ್ನೂ ಒಂದು ಸಾಲಿಲ್ಲ. ಅದನ್ನು ಬರೆದು, ಬೆಲೆ ಹಾಕಿ, ಕೇಳಿ ಪಡೆಯಬೇಕಾದವರು ಫೋಟೋಗ್ರಾಫರರೇ.